ಕಪ್ಪು ಟೀ ಶರ್ಟಿನ ಮೇಲೆ ಡಿಸ್ಚಾರ್ಜ್ ಶಾಯಿ: ಒಂದೇ ಮಿಶ್ರಣ, ಶರ್ಟಿಗೊಂದು ಬಣ್ಣ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ಲಾಸ್ಟಿಸಾಲ್ ಶಾಯಿಯಿಂದ (ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರವಾಗಿ ಕೂರುವ ಶಾಯಿ) ಮುದ್ರಿಸುತ್ತಿದ್ದ ನಾನು, ಕೈಗೆ ತಾಗದಷ್ಟು ಮೃದುವಾದ ಮುದ್ರಣ ಬೇಕೆಂಬ ಆಸೆಯಿಂದ ಮೊದಲ ಬಾರಿಗೆ ಡಿಸ್ಚಾರ್ಜ್ ಶಾಯಿಯನ್ನು (ಬಟ್ಟೆಯ ಬಣ್ಣವನ್ನೇ ತೆಗೆದು ಚಿತ್ರ ಮೂಡಿಸುವ ಶಾಯಿ) ಬಳಸಿದೆ. ಶೇಕಡಾ 100 ಹತ್ತಿಯ ಒಂಬತ್ತು ಕಪ್ಪು ಶರ್ಟುಗಳು ಮತ್ತು ಒಂದು ಕಡುನೀಲಿ ಶರ್ಟು ಇದ್ದವು. ಬಿಳಿ ಬೇಸ್‌ಗೆ (ಮೂಲ ಶಾಯಿಗೆ) ಬಣ್ಣ ತೆಗೆಯುವ ಆಕ್ಟಿವೇಟರ್ ಪುಡಿಯನ್ನು ಚಮಚದ ಅಳತೆಯಲ್ಲಿ ಬೆರೆಸಿ, ಹತ್ತನ್ನೂ ಮುದ್ರಿಸಿ ಹಗ್ಗಕ್ಕೆ ಹಾಕಿ, ಆಮೇಲೆ ಒಂದೊಂದನ್ನಾಗಿ ಹೀಟ್ ಪ್ರೆಸ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದೆ. ಎರಡು ಶರ್ಟುಗಳು ಮಾತ್ರ ಚೆನ್ನಾಗಿ ಬೆಳ್ಳಗಾದವು. ಉಳಿದ ಕಪ್ಪು ಶರ್ಟುಗಳು ಮಂಕು ಕಂದು ಬಣ್ಣಕ್ಕೆ ನಿಂತವು, ಅಲ್ಲಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳೂ ಎದ್ದಿವೆ. ನೀಲಿಯಂತೂ ಒಂದಿಷ್ಟೂ ಬದಲಾಗಲಿಲ್ಲ. ಪುಡಿ ಹಳತಾಗಿ ಶಕ್ತಿ ಕಳೆದುಕೊಂಡಿದೆಯೇ? ಇನ್ನಷ್ಟು ಪುಡಿ ಸೇರಿಸಬೇಕೇ?

ಮೊದಲ ಉತ್ತರ:

ಪುಡಿಯನ್ನು ಹೆಚ್ಚಿಸುವ ಮೊದಲು ದಯವಿಟ್ಟು ಎರಡು ವಿಷಯಗಳನ್ನು ತಿಳಿಸಿ. ಚೆನ್ನಾಗಿ ಬಂದ ಆ ಎರಡು ಶರ್ಟುಗಳು ಮೊದಲು ಮುದ್ರಿಸಿದವೋ ಕೊನೆಗೆ ಮುದ್ರಿಸಿದವೋ? ಹಗ್ಗದಿಂದ ಶರ್ಟುಗಳನ್ನು ಯಾವ ಕ್ರಮದಲ್ಲಿ ತೆಗೆದು ಕಾಯಿಸಿದಿರಿ?

ಪ್ರಶ್ನೆ ಕೇಳಿದವರು:

ಅವೆರಡೂ ಕೊನೆಗೆ ಮುದ್ರಿಸಿದವು. ಕೊನೆಗೆ ಹಾಕಿದ್ದು ಕೈಗೆ ಹತ್ತಿರವಿದ್ದುದರಿಂದ ಅವನ್ನೇ ಮೊದಲು ಕಾಯಿಸಿದೆ. ಮೊದಲು ಮುದ್ರಿಸಿದ ಶರ್ಟಿನ ಸರದಿ ಬರುವಷ್ಟರಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತಾಗಿತ್ತು.

ಮೊದಲ ಉತ್ತರ ನೀಡಿದವರು:

ಹಾಗಿದ್ದರೆ ತಪ್ಪು ಪುಡಿಯದ್ದಲ್ಲ. ಆಕ್ಟಿವೇಟರ್ ಶಕ್ತಿ ಕಳೆದುಕೊಂಡಿದ್ದರೆ, ಬೆರೆಸಿ ಹೆಚ್ಚು ಹೊತ್ತಾದ ಮೇಲೆ ಮುದ್ರಿಸಿದ ಕೊನೆಯ ಶರ್ಟುಗಳೇ ಮಂಕಾಗಬೇಕಿತ್ತು. ನಿಮ್ಮಲ್ಲಿ ಆಗಿರುವುದು ಇದಕ್ಕೆ ಸರಿಯಾಗಿ ತಿರುಗುಮುರುಗು. ಮೊದಲಿನವು ಹಗ್ಗದ ಮೇಲೆಯೇ ಒಣಗಿಹೋಗಿವೆ, ಅದೇ ಕಾರಣ.

ಈ ಪುಡಿ ಸಾಮಾನ್ಯವಾಗಿ ಜಿಂಕ್ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟ್ ಎಂಬ ಅಪಕರ್ಷಕ ರಾಸಾಯನಿಕವಾಗಿರುತ್ತದೆ. ಶಾಖ ಮತ್ತು ತೇವ ಎರಡೂ ಒಟ್ಟಿಗೆ ದೊರೆತಾಗ ಅದು ಬಟ್ಟೆಯ ಬಣ್ಣದ ಅಣುವನ್ನು, ಹೆಚ್ಚಾಗಿ ಅದರ ಅಜೋ ಬಂಧವನ್ನು (ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ಕೊಂಡಿಯನ್ನು), ಒಡೆದುಹಾಕುತ್ತದೆ. ಪ್ಲಾಸ್ಟಿಸಾಲ್‌ನಂತೆ ಬಣ್ಣದ ಮೇಲೆ ಇನ್ನೊಂದು ಪದರವನ್ನು ಹೊದಿಸುವುದಿಲ್ಲ. ಆದ್ದರಿಂದ ಶಾಯಿಯಲ್ಲಿರುವ ನೀರು ಕೇವಲ ತೆಳುಗೊಳಿಸುವ ದ್ರವವಲ್ಲ, ಪ್ರೆಸ್‌ನ ಬಿಸಿಗೆ ಹಬೆಯಾಗಿ ನೂಲಿನೊಳಗೆ ಕೆಲಸ ನಡೆಸುವುದು ಅದೇ. ನೀರು ಮೊದಲೇ ಆರಿಹೋದರೆ 160 ಡಿಗ್ರಿಯ ಶಾಖ ಕೊಟ್ಟರೂ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಆ ಅರ್ಧ ಕೆಲಸವೇ ನಿಮಗೆ ಕಂಡ ಕಂದು. ಪ್ಲಾಸ್ಟಿಸಾಲ್‌ನಿಂದ ಬಂದವರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ, ಏಕೆಂದರೆ ಆ ಶಾಯಿಯನ್ನು ದಿನವಿಡೀ ಬಿಟ್ಟರೂ ಅದು ತಾನಾಗಿ ಒಣಗದು.

ಹೀಗಾಗಿ ಒಂದು ಶರ್ಟನ್ನು ಮುದ್ರಿಸಿದ ಕೂಡಲೇ, ಹಸಿಯಾಗಿರುವಾಗಲೇ ಕಾಯಿಸಿ. ಹಸಿ ಮುದ್ರಣದ ಮೇಲೆ ಪ್ರೆಸ್ಸನ್ನು ನೇರವಾಗಿ ಒತ್ತಿದರೆ ಚಿತ್ರ ಕದಡುತ್ತದೆ. ಮೇಲಿನ ಫಲಕವನ್ನು ಬಟ್ಟೆಗೆ ತಾಗದಂತೆ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು, ಹಬೆ ಎದ್ದು ಬಣ್ಣ ತಿರುಗಿ ಹಬೆ ಕಡಿಮೆಯಾಗುವವರೆಗೆ ಕಾಯಿರಿ. ಅನಂತರ ಟೆಫ್ಲಾನ್ ಹಾಳೆಯನ್ನು ಹಾಸಿ, ಹಗುರವಾದ ಒತ್ತಡದಲ್ಲಿ 160 ಡಿಗ್ರಿಯಲ್ಲಿ ಒಂದೂವರೆ ನಿಮಿಷ ಇಡಿ, ನಡುವೆ ಒಮ್ಮೆ ಎತ್ತಿ ಉಳಿದ ಆವಿಯನ್ನು ಹೋಗಗೊಡಿ. ಈ ಎರಡನೆಯ ಹಂತವನ್ನು ಬಿಡಬೇಡಿ: ಬಿಳುಪು ಮೊದಲ ಹಂತದಲ್ಲೇ ಕಂಡರೂ, ಪಿಗ್ಮೆಂಟನ್ನು ನೂಲಿಗೆ ಹಿಡಿಸುವ ಬೈಂಡರ್ ಗಟ್ಟಿಯಾಗುವುದು ನೀರೆಲ್ಲ ಹೋದ ಮೇಲೆ ಬೀಳುವ ಶಾಖದಿಂದಲೇ.

ಇನ್ನು ಚಮಚವನ್ನು ಬದಿಗಿಡಿ. ಪುಡಿಯನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಶಾಯಿ ತಯಾರಕರು ಬೇರೆ ಪ್ರಮಾಣ ಹೇಳಿರದಿದ್ದರೆ ತೂಕದ ಶೇಕಡಾ 6ರಿಂದ ಆರಂಭಿಸಿ, ಅಂದರೆ 500 ಗ್ರಾಂ ಶಾಯಿಗೆ 30 ಗ್ರಾಂ. ಅದಕ್ಕಿಂತ ಹೆಚ್ಚು ಹಾಕಿದರೆ ಬಿಳುಪು ಹೆಚ್ಚುವುದಕ್ಕಿಂತ ವಾಸನೆಯೇ ಹೆಚ್ಚುತ್ತದೆ. ನಿಮ್ಮ ಬಿಳಿ ಚುಕ್ಕೆಗಳು ಕರಗದೆ ಉಳಿದ ಹರಳುಗಳಿಂದ ಆದವು ಎಂದು ನನಗನ್ನಿಸುತ್ತದೆ. ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ, ಅನಂತರ ಬೇಸ್‌ಗೆ ಸೇರಿಸಿ, ಹಲವು ನಿಮಿಷ ಕಲಕಿ, ಹಳೆಯ ಮೆಶ್ (ಮುದ್ರಣದ ಚೌಕಟ್ಟಿಗೆ ಬಿಗಿಯುವ ಜಾಲರಿ ಬಟ್ಟೆ) ತುಂಡಿನಲ್ಲಿ ಸೋಸಿಕೊಂಡರೆ ಅವು ನಿಲ್ಲುತ್ತವೆ. ಬೆರೆಸಿದ ಶಾಯಿಯ ಆಯುಷ್ಯ ಕೆಲವೇ ಗಂಟೆಗಳು, ಆದ್ದರಿಂದ ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳಿ.

ಎರಡನೆಯ ಉತ್ತರ:

ಮೇಲಿನ ಮಾತುಗಳನ್ನು ಒಪ್ಪುತ್ತಾ, ನೀಲಿ ಶರ್ಟಿನ ಬಗ್ಗೆ ಹೇಳುತ್ತೇನೆ. ಎಲ್ಲ ಬಣ್ಣಗಳೂ ಈ ರಾಸಾಯನಿಕಕ್ಕೆ ಜಗ್ಗುವುದಿಲ್ಲ. ಕಡುನೀಲಿ, ವೈಡೂರ್ಯ ನೀಲಿ, ಗಾಢ ಹಸಿರು, ನೇರಳೆ ಇವುಗಳಲ್ಲಿ ಬಳಸುವ ಕೆಲವು ಬಣ್ಣಗಳಿಗೆ ಒಡೆಯಬಲ್ಲ ಅಜೋ ಬಂಧವೇ ಇರುವುದಿಲ್ಲ. ಅಲ್ಲಿ ಪುಡಿ ಸುರಿದಷ್ಟೂ ವ್ಯರ್ಥ. ಪಾಲಿಯೆಸ್ಟರ್ ನೂಲಿನ ಬಣ್ಣವೂ ಹಾಗೆಯೇ ಉಳಿಯುವುದರಿಂದ ಮಿಶ್ರ ಬಟ್ಟೆಯಲ್ಲಿ ಮುದ್ರಣ ಮಾಸಲಾಗಿ ಕಾಣುತ್ತದೆ. ಒಂದೇ ಬಗೆಯ ಕಪ್ಪು ಶರ್ಟಿನಲ್ಲಿಯೂ ಬಣ್ಣ ಹಾಕಿದ ಬ್ಯಾಚ್ ಬದಲಾದರೆ ಫಲಿತಾಂಶ ಬದಲಾಗಬಹುದು. ಹೊಸ ಕಟ್ಟು ಬಿಚ್ಚಿದಾಗಲೆಲ್ಲ ಒಂದು ಶರ್ಟಿನ ಕೆಳ ಅಂಚಿನ ಒಳಮಗ್ಗುಲಿಗೆ ಒಂದು ತೊಟ್ಟು ಹಚ್ಚಿ ಕಾಯಿಸಿ ನೋಡುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಇನ್ನೊಂದು ಮಾತನ್ನು ಯಾರೂ ಎತ್ತದಿರುವುದು ನನಗೆ ಕಳವಳ ತಂದಿದೆ. ಕಾಯಿಸುವಾಗ ಹೊರಬರುವ ಆವಿಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಪ್ರೆಸ್ ಎತ್ತಿದಾಗ ಅದು ನೇರವಾಗಿ ಮುಖಕ್ಕೇ ಹೊಡೆಯುತ್ತದೆ. ಆವಿಯನ್ನು ಹೊರಗೆ ಎಳೆದುಹಾಕುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಪುಡಿ ತೂಗುವಾಗ ಕೈಗವಸು ಮತ್ತು ಮಾಸ್ಕ್ ಧರಿಸಿ. ಬೆರೆಸಿ ಉಳಿದ ಶಾಯಿಯ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದರೆ ಒಳಗೆ ಅನಿಲ ತುಂಬಿ ಮುಚ್ಚಳ ಸಿಡಿಯಬಹುದು. ಅದನ್ನು ಗಾಳಿಯಾಡುವ ಕಡೆ, ಮುಚ್ಚಳ ಸಡಿಲವಾಗಿಯೇ ಇಡಿ. ಶರ್ಟುಗಳನ್ನು ತೊಡುವ ಮೊದಲು ಒಮ್ಮೆ ಒಗೆಯಲೇಬೇಕೆಂದು ಪಡೆಯುವವರಿಗೂ ತಿಳಿಸಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಕಿಟಕಿಗೆ ಫ್ಯಾನ್ ಅಳವಡಿಸಿ, ಪುಡಿ ತೂಗಿ, ಸೋಸಿ, ಒಂದೊಂದನ್ನು ಮುದ್ರಿಸಿದ ತಕ್ಷಣ ಕಾಯಿಸಿದೆ. ನಾಲ್ಕು ಕಪ್ಪು ಶರ್ಟುಗಳೂ ಒಂದೇ ಸಮನಾಗಿ ಬಂದಿವೆ, ಚುಕ್ಕೆಗಳಿಲ್ಲ. ಆದರೆ ದಪ್ಪ ಅಕ್ಷರಗಳ ನಡುವೆ ಕಪ್ಪು ನೂಲು ಸಣ್ಣಗೆ ಇಣುಕುತ್ತಿದೆ. ನನ್ನ ಮೆಶ್ ಇಂಚಿಗೆ 230 ಎಳೆಗಳದ್ದು.

ಮೊದಲ ಉತ್ತರ ನೀಡಿದವರು:

ಆ ಮೆಶ್ ಸೂಕ್ಷ್ಮ ಗೆರೆಗಳಿಗೆ ಸರಿ, ದಪ್ಪ ಅಕ್ಷರಗಳಿಗೆ ಅದರಿಂದ ಇಳಿಯುವ ಶಾಯಿ ಸಾಲದು. ಇಂಚಿಗೆ 110ರಿಂದ 160 ಎಳೆಗಳ ಮೆಶ್‌ಗೆ ಬದಲಾಯಿಸಿ, ನೀರಿಗೆ ಕರಗದ ಎಮಲ್ಷನ್ (ಮೆಶ್ ಮೇಲೆ ಚಿತ್ರದ ಅಚ್ಚು ಮೂಡಿಸುವ ಲೇಪ) ಹಚ್ಚಿ, ಸ್ಕ್ವೀಜಿಯನ್ನು (ಶಾಯಿ ಒತ್ತಿ ಎಳೆಯುವ ರಬ್ಬರ್ ಪಟ್ಟಿಯನ್ನು) ಎರಡು ಬಾರಿ ಎಳೆಯಿರಿ. ಕಾಯಿಸುವ ಮೊದಲು ಶರ್ಟಿನ ಒಳಗೆ ಕೈ ಹಾಕಿ ಹಿಂಬದಿಯನ್ನು ನೋಡಿ: ಅಕ್ಷರಗಳ ತೇವ ಅಲ್ಲಿಯೂ ಮಸುಕಾಗಿ ಕಂಡರೆ ಶಾಯಿ ನೂಲಿನೊಳಗೆ ಇಳಿದಿದೆ.