ಸಹಾಯ ಬೇಕು: ಭಾಗವತರ ಮನೆಯ ಹಳೆ ಕ್ಯಾಸೆಟ್‌ಗಳು (ಉಡುಪಿ)

ಹೆಸರಾಂತ ಯಕ್ಷಗಾನ ಭಾಗವತರೊಬ್ಬರ (ಪ್ರಸಂಗದ ಪದ್ಯ ಹಾಡುವವರು) ಮಗಳು ಅಪ್ಪನನ್ನು ಅವರ ಪದ್ಯಗಳಲ್ಲೇ ಹುಡುಕುತ್ತಿದ್ದಾರೆ. ದೀಪಾವಳಿ ಕಳೆದು ಮೇಳ ಹೊರಟರೆ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ) ತಿರುಗಾಟ, ಮಳೆಗಾಲದಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಪ್ರಸಂಗ). ಅಪ್ಪ ಮನೆಯಲ್ಲಿ ಸಿಕ್ಕಿದ್ದೇ ಕಡಿಮೆ. ಉಳಿದಿರುವುದು ಅವರ ಪದ್ಯಗಳ ಸಿ-60, ಸಿ-90 (60, 90 ನಿಮಿಷದ) ಕ್ಯಾಸೆಟ್‌ಗಳು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಕರಾವಳಿಯ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಸಲು ಹಿಡಿದಿದೆ. ಹಾಗೇ ಹಾಕಿದರೆ ಹೆಡ್ಡಿಗೂ (ಟೇಪಿನಿಂದ ಧ್ವನಿ ಓದುವ ಭಾಗ) ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ, ದಯವಿಟ್ಟು ಯಾರೂ "ಒಮ್ಮೆ ಹಾಕಿ ನೋಡುವ" ಎನ್ನಬೇಡಿ. ಕೆಲವದರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಪ್ಯಾಡ್ ಉದುರಿದೆ. ಸ್ಕ್ರೂ ಇರುವ ಬೇರೆ ಕವಚಕ್ಕೆ ಸುರುಳಿ ಬದಲಿಸಬೇಕು. ವೇಗಕ್ಕೆ ಶ್ರುತಿಯೇ ಅಳತೆ: ಸುಮಾರು 6% ನಿಧಾನವಾದರೆ ಹಾರ್ಮೋನಿಯಂನ ಬಿಳಿ ಎರಡರ ಶ್ರುತಿ ಅರ್ಧ ಸ್ವರ ಇಳಿದು ಕಪ್ಪು ಒಂದಾಗಿ ಕೇಳುತ್ತದೆ.

ಬೇಕಾದ್ದು: ಸುಸ್ಥಿತಿಯ ಕ್ಯಾಸೆಟ್ ಡೆಕ್ (ಪ್ಲೇಯರ್), ಹೆಡ್ಡಿನ ಕೋನ ಸರಿಪಡಿಸಬಲ್ಲವರು, 24 ಬಿಟ್ 48 ಕಿಲೋಹರ್ಟ್ಸ್ ವೇವ್ ಫೈಲ್. ಧ್ವನಿಯನ್ನು ಕುಗ್ಗಿಸುವ ಎಂಪಿ3 ಸಾಲದು. ಪದ್ಯ ಕೇಳಿಯೇ ಪ್ರಸಂಗ, ಮದ್ದಳೆಗಾರರನ್ನು ಗುರುತಿಸುವ ಹಿರಿಯರಿದ್ದರೆ ತಿಳಿಸಿ, ಲೇಬಲ್‌ಗಳೆಲ್ಲ ಅಳಿಸಿಹೋಗಿವೆ.