ಶನಿವಾರ ಬಟವಾಡೆ ಹೊತ್ತಿಗೇ ನೆಟ್‌ಬುಕ್ ನಿಂತುಹೋಗತ್ತೆ, ಯಾಕೆ?

ಪ್ರಶ್ನೆ (ಡಿಸೆಂಬರ್ 2018)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವಳು. ಮಗಳು ಕಾಲೇಜಲ್ಲಿ ಬಳಸಿ ಬಿಟ್ಟ ನೆಟ್‌ಬುಕ್‌ನಲ್ಲಿ ತೋಟದ ಲೆಕ್ಕ ಬರೀತೀನಿ. ಪ್ರೊಸೆಸರ್ ಆಟಮ್ ಎನ್270, 1 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ಲುಬುಂಟು 18.04 (ಹಗುರವಾದ ಲಿನಕ್ಸ್) ಹಾಕಿದೀವಿ. ಬ್ಯಾಟರಿ ಹೋಗಿ ಎರಡು ವರ್ಷ ಆಯ್ತು, ಯಾವಾಗಲೂ ಕರೆಂಟಿಗೆ ಚುಚ್ಚಿಯೇ ಇರತ್ತೆ. ಫೋನಿನ ಹಾಟ್‌ಸ್ಪಾಟಲ್ಲಿ ಇಂಟರ್ನೆಟ್.

ಈಗ ಅಡಿಕೆ ಕೊನೆ ಕೊಯ್ಲು. ಶನಿವಾರ ಸಂಜೆ ಬಟವಾಡೆ. ಸುಲಿಯೋಕೆ ಬಂದ ಹನ್ನೊಂದು ಜನ ಜಗಲಿ ಮೇಲೆ ಕೂತಿರ್ತಾರೆ, ನಾನು ಕ್ಯಾಲ್ಕ್ ಶೀಟ್ ತೆಗೆದು ಒಬ್ಬೊಬ್ಬರದೇ ದಿನ, ಮುಂಗಡ ಎಲ್ಲ ನೋಡ್ತೀನಿ. ಆನ್ ಮಾಡಿದಾಗ ಚೆನ್ನಾಗೇ ಇರತ್ತೆ. ಐದು ನಿಮಿಷಕ್ಕೆ ಡಿಸ್ಕಿನ ದೀಪ ಮಿನುಗೋಕೆ ಶುರು. ಹತ್ತು ನಿಮಿಷ ದಾಟ್ತಿದ್ದ ಹಾಗೆ ಮೌಸ್ ಬಾಣವೂ ಅಲ್ಲಾಡಲ್ಲ. ಒಂದು ಸಂಖ್ಯೆ ಹೊಡೆದರೆ ಅದು ಖಾನೆಯಲ್ಲಿ ಕಾಣೋಕೆ ಅರ್ಧ ನಿಮಿಷ. ಕತ್ತಲಾಗೋದರೊಳಗೆ ಮನೆ ಸೇರಬೇಕಾದ ಹೆಂಗಸರು ನನ್ನ ಮುಖ ನೋಡ್ತಾ ಕೂತಿರ್ತಾರೆ, ತುಂಬಾ ಸಂಕಟ ಆಗತ್ತೆ.

ಯಾವ ಪ್ರೋಗ್ರಾಂ ಎಷ್ಟು ಓಡ್ತಿದೆ ಅಂತ ತೋರಿಸೋ 'ಟಾಪ್' ಓಡಿಸಿ ನೋಡಿದೆ. ಮೇಲುಗಡೆ 'ಅಪ್‌ಡೇಟ್-ಆಪ್ಟ್-ಕ್ಸಾಪಿ' ಅಂತ ಇತ್ತು. ಆ ಹೆಸರಿನ ಪ್ರೋಗ್ರಾಂ ಎಲ್ಲಿ ಹುಡುಕಿದರೂ ಸಿಗಲಿಲ್ಲ. ವೈರಸ್ಸಾ?

ಉತ್ತರ 1

ಮೇಡಂ, 1 ಜಿಬಿಯಲ್ಲಿ ಕಷ್ಟ ಆಗೋದು ಸಹಜ. ಆ ಬೋರ್ಡಿಗೆ 2 ಜಿಬಿವರೆಗೂ ಹಾಕಬಹುದು, ಜೊತೆಗೆ ಹಳೇ ಡಿಸ್ಕಿನ ಬದಲು ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ. ಅಲ್ಲಿವರೆಗೆ ಪ್ರೋಗ್ರಾಂ ಹಾಕೋ, ತೆಗೆಯೋ ವ್ಯವಸ್ಥೆಯಾದ ಆಪ್ಟ್‌ಗೆ ಸಂಬಂಧಿಸಿದ, ಹೊತ್ತಿಗೆ ತಾನೇ ಓಡೋ ಟೈಮರ್‌ಗಳನ್ನೆಲ್ಲ ಆಫ್ ಮಾಡಿಬಿಡಿ.

ಉತ್ತರ 2

ಅಕ್ಕಾ, ವೈರಸ್ ಅಲ್ಲ, ಹೆದರಬೇಡಿ. 'ಟಾಪ್' ಹೆಸರಿನ ಮೊದಲ 15 ಅಕ್ಷರ ಮಾತ್ರ ತೋರಿಸಿದೆ, ಅದಕ್ಕೇ ನಿಮಗೆ ಹುಡುಕಿದರೂ ಸಿಕ್ಕಿಲ್ಲ. ಪೂರ್ತಿ ಹೆಸರು ಅಪ್‌ಡೇಟ್-ಆಪ್ಟ್-ಕ್ಸಾಪಿಯನ್-ಇಂಡೆಕ್ಸ್. ಇರೋ ಪ್ಯಾಕೇಜ್‌ಗಳ (ಪ್ರೋಗ್ರಾಂ ಕಟ್ಟುಗಳ) ಹೆಸರು, ವಿವರಣೆ ಎಲ್ಲ ಓದಿ ಪುಸ್ತಕದ ಹಿಂದಿನ ಪದಸೂಚಿಯಂಥದ್ದು ಕಟ್ಟಿಡತ್ತೆ. ಪ್ರೋಗ್ರಾಂ ಹುಡುಕಿ ಹಾಕಿಕೊಳ್ಳೋ ಸಿನಾಪ್ಟಿಕ್‌ನಲ್ಲಿ ಅಕ್ಷರ ಹೊಡೀತಿದ್ದ ಹಾಗೇ ಪ್ಯಾಕೇಜ್ ತೋರಿಸೋ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಬೇಕಾಗಿದ್ದು ಇದು.

ಅದು ನಿಮಗೆ ಶನಿವಾರವೇ ಯಾಕೆ ಬರತ್ತೆ ಅಂದರೆ, ವಾರಕ್ಕೊಮ್ಮೆ ಮಾಡೋ ಕೆಲಸ ಅದು. ಮೆಷಿನ್ ಆಫ್ ಇದ್ದಾಗ ತಪ್ಪಿಹೋದ ಕೆಲಸಗಳನ್ನ ಅನಾಕ್ರಾನ್ ಅನ್ನೋ ಪ್ರೋಗ್ರಾಂ ನೆನಪಿಟ್ಟುಕೊಂಡಿರತ್ತೆ. ಆನ್ ಆದ ಮೇಲೆ ದಿನದ ಕೆಲಸಕ್ಕೆ 5 ನಿಮಿಷ, ವಾರದ ಕೆಲಸಕ್ಕೆ 10 ನಿಮಿಷ ಕಾದು ಶುರುಮಾಡತ್ತೆ. ನೀವು ಹೇಳಿದ ನಿಮಿಷಗಳೇ ಅವು. ನೀವು ಮೆಷಿನ್ ತೆಗೆಯೋದೇ ಶನಿವಾರಕ್ಕೊಮ್ಮೆ ಇರಬೇಕು, ಹಾಗಿದ್ದರೆ ಪ್ರತಿ ಸಲವೂ ಸರಿಯಾಗಿ ಏಳು ದಿನ ಆಗಿರತ್ತೆ. ದಿನಾ ಬಳಸೋರಿಗೆ ವಾರದಲ್ಲಿ ಒಂದು ದಿನ ಆಗೋ ತೊಂದರೆ ನಿಮಗೆ ಪ್ರತಿ ಸಲ. ಬ್ಯಾಟರಿ ಮೇಲೆ ಓಡ್ತಿದ್ದರೆ ಅದು ಸುಮ್ಮನಿರತ್ತೆ, ನಿಮಗೆ ಆ ದಾರಿಯೂ ಇಲ್ಲ.

ಈ ಪ್ರೋಗ್ರಾಂ ಬರೆದವರು ಬೇರೆ ಕೆಲಸಕ್ಕೆ ಅಡ್ಡಿ ಆಗಬಾರದು ಅಂತ ಆದ್ಯತೆ ಕಮ್ಮಿ ಇಟ್ಟೇ ಓಡಿಸ್ತಾರೆ. ಆದರೆ ಆದ್ಯತೆ ತಗ್ಗಿಸಿದರೆ ಪ್ರೊಸೆಸರ್ ಬಿಟ್ಟುಕೊಡತ್ತೆ, ತಗೊಂಡ ರ‍್ಯಾಮ್ ಬಿಟ್ಟುಕೊಡಲ್ಲ. ಜಾಗ ಸಾಲದೆ ಕ್ಯಾಲ್ಕ್ ಮಾಹಿತಿ ಡಿಸ್ಕಿನ ಸ್ವಾಪ್‌ಗೆ (ರ‍್ಯಾಮ್ ತುಂಬಿದಾಗ ಬಳಸೋ ಜಾಗ) ಹೋಗತ್ತೆ, ನೀವು ಕೀಲಿ ಒತ್ತಿದಾಗ ಅಲ್ಲಿಂದ ವಾಪಸ್ ಬರಬೇಕು. ನಿಮ್ಮ ಅರ್ಧ ನಿಮಿಷ ಅಲ್ಲಿ ಹೋಗ್ತಿದೆ.

ಟರ್ಮಿನಲ್‌ನಲ್ಲಿ ಸುಡೋ, ಆಪ್ಟ್, ರಿಮೂವ್, ಆಮೇಲೆ ಆಪ್ಟ್-ಕ್ಸಾಪಿಯನ್-ಇಂಡೆಕ್ಸ್, ಇಷ್ಟು ಇಂಗ್ಲಿಷಲ್ಲಿ ಹೊಡೀರಿ. ಎಂಟರ್ ಒತ್ತಿದ ಮೇಲೆ ಜೊತೆಗೆ ಏನೇನು ತೆಗೆಯತ್ತೆ ಅಂತ ಪಟ್ಟಿ ತೋರಿಸತ್ತೆ, ಅದನ್ನ ಓದಿಯೇ ವೈ ಒತ್ತಿ. ಸಿನಾಪ್ಟಿಕ್‌ನ ಆ ಚಿಕ್ಕ ಪೆಟ್ಟಿಗೆ ಹೋಗತ್ತೆ ಅಷ್ಟೆ, 'ಸರ್ಚ್' ಬಟನ್ ಮೊದಲಿನ ಹಾಗೇ ಕೆಲಸ ಮಾಡತ್ತೆ.

ಮೇಲಿನವರು ಹೇಳಿದ ಹಾಗೆ ಟೈಮರ್ ಎಲ್ಲಾ ಆಫ್ ಮಾಡೋದು ನನಗೆ ಒಪ್ಪಿಗೆ ಇಲ್ಲ. ಸೆಕ್ಯುರಿಟಿ ಅಪ್‌ಡೇಟ್ ಬರೋದು ಅವುಗಳಿಂದಲೇ. ಹನ್ನೊಂದು ಮನೆಯ ಕೂಲಿ ಲೆಕ್ಕ ಇರೋ ಮೆಷಿನ್, ಇಂಟರ್ನೆಟ್‌ಗೂ ಸೇರ್ತಿದೆ. ರ‍್ಯಾಮ್ ಹಾಕಿಸೋದಂತೂ ಒಳ್ಳೇದೇ, ಆದರೆ ಕೊಯ್ಲು ಮುಗಿದ ಮೇಲೆ ನೋಡಿಕೊಳ್ಳಿ.

ಕೇಳಿದವರು (ಒಂದು ವಾರದ ನಂತರ)

ಹೌದು, ಶನಿವಾರ ಬಿಟ್ಟು ಬೇರೆ ದಿನ ಅದನ್ನ ತೆಗೆಯೋದೇ ಇಲ್ಲ. ಬುಧವಾರ ರಾತ್ರಿ ಮಗಳನ್ನ ಫೋನಲ್ಲಿ ಇಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಹೊಡೆದೆ. ಪಟ್ಟಿಯಲ್ಲಿ ಆ ಒಂದೇ ಹೆಸರು ಇತ್ತು, ತೆಗೆದೆ. ನಿನ್ನೆ ಬಟವಾಡೆ. ಹತ್ತನೇ ನಿಮಿಷಕ್ಕೆ ನನಗೆ ಎದೆ ಹೊಡ್ಕೊಳ್ತಿತ್ತು, ಏನೂ ಆಗಲಿಲ್ಲ. ಹನ್ನೊಂದೂ ಜನರ ದುಡ್ಡು ಕೊಟ್ಟು, ಸಹಿ ಹಾಕಿಸಿಕೊಂಡು ಮುಗಿದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ನಿಮಗೆ ತುಂಬಾ ಧನ್ಯವಾದ.

ಐದನೇ ನಿಮಿಷದ ದಿನದ ಕೆಲಸ ಇನ್ನೂ ಸ್ವಲ್ಪ ಹೊತ್ತು ಡಿಸ್ಕ್ ಓಡಿಸತ್ತೆ. ಅದನ್ನ ಮುಟ್ಟಿಲ್ಲ. ಇನ್ನು ಮೇಲೆ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋಗೋ ಮುಂಚೆಯೇ ಆನ್ ಮಾಡಿಟ್ಟು ಹೋಗ್ತೀನಿ.