ಸಹಾಯ ಬೇಕು: ಹಗ್ಗ ಏರಲು, ಈಜಲು ಕಲಿಸುವವರು (ಕುಂಬಳೆ–ಮಂಜೇಶ್ವರ ಕಡೆ)

ಪ್ಲಸ್ ಟು ಮುಗಿಸಿದ ನಾಲ್ವರು ಹುಡುಗರು ಕೇರಳ ಪಿಎಸ್‌ಸಿಯ ಫೈರ್ ಆ್ಯಂಡ್ ರೆಸ್ಕ್ಯೂ ಆಫೀಸರ್ ಟ್ರೈನಿ ಹುದ್ದೆಗೆ ತಯಾರಾಗುತ್ತಿದ್ದಾರೆ. ಎತ್ತರ 165 ಸೆಂ.ಮೀ., ಉಸಿರೆಳೆದಾಗ ಎದೆ 5 ಸೆಂ.ಮೀ. ಹಿಗ್ಗಬೇಕು, ಅದೆಲ್ಲ ಸರಿಯಿದೆ. ದೈಹಿಕ ಪರೀಕ್ಷೆಯ ಎಂಟು ಐಟಂಗಳಲ್ಲಿ ಐದು ಪಾಸಾಗಬೇಕು. 1500 ಮೀಟರನ್ನು 5 ನಿಮಿಷ 44 ಸೆಕೆಂಡಿನೊಳಗೆ ಓಡುತ್ತಾರೆ. ತೊಡಕು ಹಗ್ಗದ್ದು: 365.80 ಸೆಂ.ಮೀ. ಬರೀ ಕೈಯಲ್ಲೇ ಏರಬೇಕು. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಅಡಿಕೆ ಮರ ಹತ್ತಿದ ಅಭ್ಯಾಸಕ್ಕೆ ಕಾಲು ತಾನಾಗಿ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ. ಕಾಲು ಬಿಡಿಸಿದರೆ ಅರ್ಧದಲ್ಲೇ ಮುಂಗೈ ಸೋಲುತ್ತದೆ. ಈಜು ಪರೀಕ್ಷೆ ಬೇರೆ. ತೋಟದ ಕೆರೆಯಲ್ಲಿ ನೇರ 50 ಮೀಟರ್ ಎಲ್ಲಿ ಸಿಗುತ್ತದೆ?

ತೃಶೂರಿನ ವಿಯ್ಯೂರು ಅಗ್ನಿಶಾಮಕ ಅಕಾಡೆಮಿಯಲ್ಲಿ ತರಬೇತಿಯಾದವರು, ನಿವೃತ್ತರಾದರೂ ಸರಿ, ಭಾನುವಾರ ಎರಡು ಗಂಟೆ ಬರಬಹುದೇ? ಕನ್ನಡದಲ್ಲಿ ಹೇಳಿಕೊಟ್ಟರೆ ಉಪಕಾರ. ಹತ್ತಿರದಲ್ಲಿ ಈಜುಕೊಳವಿದ್ದರೂ ತಿಳಿಸಿ.